'ಅದು ಹಾಗಲ್ಲ, ಹೀಗೆ' ಅನ್ನುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮೊಬೈಲಿನಲ್ಲಿ ಯಾರೋ ಬರೆದ ಕನ್ನಡದಲ್ಲಿ ತಪ್ಪು ಕಂಡರೆ ತಿದ್ದಬೇಕಾ, ಸುಮ್ನೆ ಇರಬೇಕಾ? ನಾಲ್ಕು ಜನರ ಎದುರು ತಿದ್ದಿದರೆ ಅದು ಒರಟುತನವಾ, ಭಾಷೆಯ ಮೇಲಿನ ಕಾಳಜಿಯಾ? ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಈ ಚಿಕ್ಕ ವಿಷಯಕ್ಕೆ ವಾಟ್ಸಾಪ್ ಗುಂಪು ಬಿಟ್ಟು ಹೋದವರನ್ನು ನಾನು ನೋಡಿದ್ದೇನೆ. ಮಾತು ಬಿಟ್ಟವರನ್ನೂ ನೋಡಿದ್ದೇನೆ.

ನಮ್ಮ ಕಡೆಯ ಒಂದು ಗುಂಪಿನಲ್ಲಿ ನಡೆದದ್ದು ಹೇಳುತ್ತೇನೆ. ಜುಲೈ ತಿಂಗಳು. ಮಳೆ ಹೇಗಿತ್ತು ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ಕರೆಂಟ್ ಹೋಗಿ ಆಗಲೇ ಎರಡು ದಿನ. ತೋಟದ ಲೈನ್‌ಮನೆಯ, ಅಂದರೆ ಕೆಲಸದವರ ಸಾಲುಮನೆಯ ಹುಡುಗನೊಬ್ಬ ಗುಂಪಿಗೆ ಬರೆದ: 'ರಸ್ತೆಗೆ ಮರ ಬಿದ್ದಿದೆ. ವೈರ್ ಕೆಳಗೆ ಬಿದ್ದಿದೆ. ಧಯವಿಟ್ಟು ಯಾರೂ ಈ ಕಡೆ ಬರಬೇಡಿ.' ಸ್ವಲ್ಪ ಹೊತ್ತಿಗೇ ಉತ್ತರ ಬಂತು. 'ಧಯವಿಟ್ಟು ಅಲ್ಲ, ದಯವಿಟ್ಟು.' ಅದಕ್ಕೆ ಮೂರು ಹೆಬ್ಬೆರಳು, ಒಂದು ನಗುವ ಮುಖ. ಇನ್ನೊಬ್ಬರು, 'ಈಗಿನ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣ ಗೊತ್ತೇ ಇಲ್ಲ' ಅಂದರು. ಯಾವ ರಸ್ತೆ ಅಂತ ಯಾರೂ ಕೇಳಲಿಲ್ಲ. ಲೈನ್‌ಮ್ಯಾನಿಗೆ ಫೋನ್ ಮಾಡಿದೆಯಾ ಅಂತಲೂ ಕೇಳಲಿಲ್ಲ. ಪ್ರಾಣ ಹೋಗುವ ವಿಷಯದಲ್ಲಿ ಮಹಾಪ್ರಾಣದ ಚರ್ಚೆ!

ತಿದ್ದಿದವರು ಹೇಳಿದ್ದು ಸರಿಯೇ. 'ದಯೆ'ಗೆ ಮಹಾಪ್ರಾಣ ಇಲ್ಲ. ಆದರೆ ಒಬ್ಬ ಏನೋ ಹೇಳಲು ಬಂದಾಗ ಅವನ ಮಾತನ್ನು ಅಲ್ಲೇ ಬಿಟ್ಟು ಅಕ್ಷರಕ್ಕೆ ಮಾತ್ರ ಉತ್ತರ ಕೊಡುವುದಿದೆಯಲ್ಲ, ನನಗೆ ಒರಟು ಅನ್ನಿಸುವುದು ಅದು. ಮೊದಲು ವಿಷಯಕ್ಕೆ ಉತ್ತರ ಕೊಡಿ. ಅಕ್ಷರ ಆಮೇಲೆ ನೋಡಿಕೊಳ್ಳೋಣ.

ಈ ತಪ್ಪುಗಳು ಎಲ್ಲಿಂದ ಬರುತ್ತವೆ ಅಂತಲೂ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಕನ್ನಡ ಬರೆಯುವ ತುಂಬಾ ಜನ ಮನೆಯಲ್ಲಿ ಬೇರೆ ಭಾಷೆ ಆಡುವವರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವರ ಮಾತು, ತೋಟಗಳಲ್ಲಿ ತಮಿಳು. ಗೋಣಿಕೊಪ್ಪದ ಸಂತೆಯಲ್ಲಿ ಹಸಿಮೆಣಸು ತೂಗಿಸುವಷ್ಟರಲ್ಲಿ ನಾಲ್ಕು ಭಾಷೆ ಕಿವಿಗೆ ಬೀಳುತ್ತದೆ. ಇವರಲ್ಲಿ ಎಷ್ಟೋ ಜನರಿಗೆ ಬರೆಯುವ ಕನ್ನಡ ಸಿಕ್ಕಿದ್ದು ಶಾಲೆಯಲ್ಲಿ ಮಾತ್ರ.

ಅಷ್ಟಕ್ಕೂ ಮನೆಮಾತು ಕನ್ನಡವೇ ಆದವರ ಬಾಯಲ್ಲಿ ಮಹಾಪ್ರಾಣ ಎಷ್ಟು ಉಳಿದಿದೆ? ಮಹಾಪ್ರಾಣ ಇರುವ ಪದಗಳು ಹೆಚ್ಚಿನವು ಸಂಸ್ಕೃತದಿಂದ ಬಂದವು. ಮಾತಾಡುವಾಗ ಧನವೂ ದನವೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತದೆ. ಹಾಗಾಗಿ ಕಿವಿಯನ್ನು ನಂಬಿದರೆ ಆಗುವುದಿಲ್ಲ, ಅಚ್ಚಾದದ್ದನ್ನು ನೋಡಿ ನೋಡಿ ಕಣ್ಣಿನಿಂದಲೇ ಕಲಿಯಬೇಕು. ಮನೆಯಲ್ಲಿ ಪುಸ್ತಕ, ಪೇಪರ್ ಇದ್ದವರು ಕಲಿತರು. ಇಲ್ಲದವರು ಅಂದಾಜಿನ ಮೇಲೆ ಬರೆಯುತ್ತಾರೆ. ಎಲ್ಲಿ ಹಾಕಬೇಕು ಗೊತ್ತಾಗದೆ, ಮರ್ಯಾದೆಗೆ ಒಂದು ಜಾಸ್ತಿಯೇ ಇರಲಿ ಅಂತ ಹಾಕಿಬಿಡುತ್ತಾರೆ. ಧಯವಿಟ್ಟು, ವಿಧ್ಯಾರ್ಥಿ, ಉಚ್ಛ ನ್ಯಾಯಾಲಯ, ಎಲ್ಲ ಹೀಗೆ ಹುಟ್ಟಿದವು. ತಮಾಷೆ ಅಂದರೆ, 'ಉಚ್ಚ' ಅಂತ ಸರಿಯಾಗಿ ಬರೆದವರನ್ನು 'ಉಚ್ಛ' ಅಂತ ತಿದ್ದುವ ಪಂಡಿತರೂ ಇದ್ದಾರೆ.

ಕೊಡವ ತಕ್ಕ್ ಬರೆಯುವಾಗ ಇದು ಇನ್ನೂ ಕಷ್ಟ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಸಂಗ್ರಹಿಸಿ 'ಪಟ್ಟೋಲೆ ಪಳಮೆ' ತಂದಾಗ ಬಳಸಿದ್ದು ಕನ್ನಡ ಲಿಪಿ. ಇವತ್ತಿಗೂ ಹೆಚ್ಚಾಗಿ ನಡೆಯುವುದು ಅದೇ. ಆದರೆ ಕೊಡವದ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವೇ ಇಲ್ಲ. ಪದದ ಕೊನೆಗೆ ಒಬ್ಬರು 'ಉ' ಹಾಕುತ್ತಾರೆ, ಇನ್ನೊಬ್ಬರು ಅರ್ಧಾಕ್ಷರಕ್ಕೇ ನಿಲ್ಲಿಸುತ್ತಾರೆ. ಇಲ್ಲಿ ಯಾರು ಯಾರನ್ನು ತಿದ್ದುವುದು? ಹೊಸ ಭತ್ತದ ಕದಿರು ತೆಗೆಯುವ ಹಬ್ಬ ಪುತ್ತರಿ ಬಂದಾಗ ನೋಡಿ. 'ಪುತ್ತರಿ' ಅಂತ ಹಾರೈಸಿದವರಿಗೆ 'ಹುತ್ತರಿ ಎಂದಾಗಬೇಕು' ಅಂತ ತಿದ್ದುವ ಹೊರಗಿನವರು ಸಿಗುತ್ತಾರೆ. ಕದಿರು ತೆಗೆಯುವವರು ಇವರು, ಹೆಸರು ಹೇಳಿಕೊಡುವವರು ಅವರು!

9ನೇ ಶತಮಾನದ 'ಕವಿರಾಜಮಾರ್ಗ' ನಿಮಗೆ ಗೊತ್ತಿರುತ್ತದೆ. ಕಾವೇರಿಯಿಂದ ಗೋದಾವರಿವರೆಗಿನ ನಾಡು ಅಂತ ಹೇಳಿದ್ದು ಅದೇ. ನಮ್ಮ ತಲಕಾವೇರಿಯ ಕಾವೇರಿ. ಬರಹದಲ್ಲಿ ಯಾವುದು ಗುಣ, ಯಾವುದು ದೋಷ ಅಂತ ವಿವರಿಸಲಿಕ್ಕೇ ಹೊರಟ ಗ್ರಂಥ ಅದು. ತಿದ್ದುವವರ ಮೂಲಪುರುಷ ಅನ್ನಿ ಬೇಕಾದರೆ. ಅಂಥದ್ದರಲ್ಲೇ ಒಂದು ಕಡೆ, ಕನ್ನಡಗಳಲ್ಲಿ ದೋಷ ಇಷ್ಟು ಅಂತ ಎಣಿಸಲು ಹೊರಟರೆ ಸರ್ಪರಾಜ ವಾಸುಕಿಗೂ ಸಾಧ್ಯವಾಗದೆ ಬೇಸರ ಬರುತ್ತದೆ, ಯಾಕೆಂದರೆ ದೇಸಿ, ಅಂದರೆ ಆಯಾ ಕಡೆಯ ಮಾತಿನ ರೀತಿ, ಬೇರೆ ಬೇರೆ ಅನ್ನುವ ಮಾತಿದೆ. ವಾಸುಕಿಗೇ ಆಗದ್ದನ್ನು ಗುಂಪಿನ ಅಡ್ಮಿನ್ ಮಾಡಲು ಹೊರಟರೆ ಹೇಗೆ?

ಹಾಗಂತ ತಿದ್ದಲೇಬಾರದು ಅನ್ನುವವನು ನಾನಲ್ಲ. ಕೆಲವು ತಪ್ಪುಗಳನ್ನು ತಕ್ಷಣ, ಎಲ್ಲರ ಎದುರೇ, ಮುಲಾಜಿಲ್ಲದೆ ತಿದ್ದಬೇಕು.

ಆನೆಯ ಸಂದೇಶ ತಗೊಳ್ಳಿ. ತೋಟಕ್ಕೆ ಆನೆ ಇಳಿದಿದೆ ಅಂತ ಬೆಳಿಗ್ಗೆ ಮೊದಲು ಗೊತ್ತಾಗುವುದು ಈಗ ಮೊಬೈಲಿನಲ್ಲೇ. ಕೆಲಸದವರು, ಶಾಲೆಗೆ ನಡೆದು ಹೋಗುವ ಮಕ್ಕಳು, ಎಲ್ಲರೂ ಅದನ್ನೇ ನಂಬುತ್ತಾರೆ. ಹಾಕತ್ತೂರು ಅಂತ ಬರೆಯುವಲ್ಲಿ ನಡುವಿನ ಅಕ್ಷರ ಬಿಟ್ಟುಹೋದರೆ ಹಾತೂರಿನ ಹಾಗೇ ಕಾಣುತ್ತದೆ. ಒಂದು ಮಡಿಕೇರಿ ಹತ್ತಿರ, ಇನ್ನೊಂದು ಗೋಣಿಕೊಪ್ಪದ ಕಡೆ. ಚೇರಂಬಾಣೆಗೂ ಚೆಯ್ಯಂಡಾಣೆಗೂ ಅವಸರದಲ್ಲಿ ಅದಲುಬದಲಾಗುವುದು ಕಷ್ಟವಲ್ಲ. ಇಂಥ ಕಡೆ 'ಪಾಪ, ಬೇಜಾರು ಮಾಡಿಕೊಳ್ಳುತ್ತಾರೆ' ಅಂತ ಸುಮ್ಮನಿದ್ದರೆ ಅದು ಸಭ್ಯತೆ ಅಲ್ಲ, ಬೇಜವಾಬ್ದಾರಿ. 2018ರ ಆಗಸ್ಟಿನಲ್ಲಿ ಗುಡ್ಡದ ಬರೆ ಕುಸಿದಾಗ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಅಂತ ಎಷ್ಟೊಂದು ಸಂದೇಶಗಳು ಓಡಾಡಿದವು. ಅವುಗಳಲ್ಲಿ ಒತ್ತಕ್ಷರ ಸರಿಯಿದೆಯಾ ಅಂತ ನೋಡುವ ಹೊತ್ತಾಗಿರಲಿಲ್ಲ ಅದು. ಊರಿನ ಹೆಸರು ಸರಿಯಾ, ಫೋನ್ ನಂಬರ್ ಸರಿಯಾ, ಇದು ಇವತ್ತಿನ ಸುದ್ದಿಯಾ ನಿನ್ನೆಯದಾ, ಅಷ್ಟೇ ಬೇಕಾಗಿದ್ದದ್ದು.

ಕಾಫಿ ರೇಟೂ ಹಾಗೇ. 50 ಕೆಜಿ ಚೀಲದ ರೇಟಿನಲ್ಲಿ ಒಂದು ಅಂಕಿ ತಪ್ಪಿದರೆ, ಚೆರಿ (ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು) ಅನ್ನುವ ಕಡೆ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ್ದು) ಅಂತ ಬಿದ್ದರೆ ತಿದ್ದಿ. ಯಾರೂ ಬೇಸರಪಡುವುದಿಲ್ಲ, ಉಪಕಾರ ಅಂತಾರೆ. ಮನೆತನದ ಹೆಸರೂ ಅಷ್ಟೇ. ಕೊಡವ ಮನೆತನಗಳ ಹಾಕಿ ಪಂದ್ಯಾವಳಿ 1997ರಲ್ಲಿ ಕರಡದಲ್ಲಿ ಶುರುವಾಯಿತು. ಈಗ ಪಂದ್ಯದ ಪಟ್ಟಿ ಕೈಗೆ ಬಂದರೆ 'ಂಡ' ಅಂತ ಮುಗಿಯುವ ಹೆಸರುಗಳ ದೊಡ್ಡ ಸಾಲೇ ಇರುತ್ತದೆ. ಒಂದಕ್ಷರ ಆಚೀಚೆಯಾದರೆ ಅದು ಇನ್ನೊಂದು ಮನೆಯೇ ಆಗಿಬಿಡಬಹುದು. ಸಾವಿನ ಸುದ್ದಿಯಲ್ಲಿ ಹೀಗಾದರೆ ಗತಿಯೇನು ಹೇಳಿ.

ಅಚ್ಚಿಗೆ ಹೋಗುವುದನ್ನು ಹೋಗುವ ಮೊದಲೇ ತಿದ್ದಿ. ದಸರಾ ಹತ್ತಿರ ಬಂದಾಗ ಮಡಿಕೇರಿಯಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಫ್ಲೆಕ್ಸ್‌ನ ನಮೂನೆ ಮೊದಲು ಗುಂಪಿಗೆ ಬಂದಾಗ 'ಸೂಪರ್' ಅಂತ ಹತ್ತು ಜನ ಹೇಳಿರುತ್ತಾರೆ. ಅದು ಚೌಕಿಯಲ್ಲಿ ಆಳೆತ್ತರಕ್ಕೆ ನಿಂತ ಮೇಲೆ, 'ಶುಭಾಷಯ ಅಲ್ಲ, ಶುಭಾಶಯ' ಅಂತ ಅದೇ ಜನ ಫೋಟೋ ಹೊಡೆದು ಹಾಕುತ್ತಾರೆ. ಇದರಿಂದ ಯಾರಿಗೆ ಲಾಭ? ಸರ್ಕಾರಿ ಬೋರ್ಡು, ಪತ್ರಿಕೆ, ಪಾಠಪುಸ್ತಕ, ಇವುಗಳ ತಪ್ಪನ್ನು ಮಾತ್ರ ಎಲ್ಲರ ಎದುರೇ ಹೇಳಬಹುದು. ಸರಿಯಾಗಿ ಬರೆಯಲಿಕ್ಕೆ ಅವರಿಗೆ ಸಂಬಳ ಇದೆ.

ಲೈನ್‌ಮನೆಯ ಹುಡುಗನಿಗೆ ಇಲ್ಲ. ಮೊದಲೆಲ್ಲ ಬರೆದದ್ದು ನಾಲ್ಕು ಜನರ ಕಣ್ಣಿಗೆ ಬೀಳುವ ಮೊದಲು ಪತ್ರಿಕೆಯ ಉಪಸಂಪಾದಕರು, ಪ್ರೆಸ್ಸಿನಲ್ಲಿ ಕರಡು ತಿದ್ದುವವರು ನೋಡಿರುತ್ತಿದ್ದರು. ಬರೆದವರ ತಪ್ಪು ಹೊರಗೆ ಗೊತ್ತಾಗುತ್ತಲೇ ಇರಲಿಲ್ಲ. ಈಗ ಆಟೋ ಓಡಿಸುವವರು, ಮೆಣಸು ಕೊಯ್ಯುವವರು, ಅರವತ್ತು ದಾಟಿದ ಮೇಲೆ ಫೋನ್ ಹಿಡಿದ ಅಜ್ಜಿಯರು, ಎಲ್ಲರೂ ನೇರವಾಗಿ ಬರೆಯುತ್ತಿದ್ದಾರೆ. ನಡುವೆ ಯಾರೂ ಇಲ್ಲ. ಅದರ ಮೇಲೆ ಫೋನಿನದೇ ಒಂದು ಕಾಟ. ಬಾಯಲ್ಲಿ ಹೇಳಿದ್ದನ್ನು ಅದು ತನಗೆ ತೋಚಿದ ಹಾಗೆ ಬರೆಯುತ್ತದೆ. ಅಜ್ಜಿಯೊಬ್ಬರನ್ನು ಮೊಮ್ಮಗ ಮನೆಯವರ ಗುಂಪಿನಲ್ಲಿ ಮೂರು ನಾಲ್ಕು ಸಲ ತಿದ್ದಿದ. ಆಮೇಲೆ ಅವರು ಬರೆಯುವುದನ್ನೇ ಬಿಟ್ಟು 'ಗುಡ್ ಮಾರ್ನಿಂಗ್' ಹೂವಿನ ಚಿತ್ರ ಮಾತ್ರ ಕಳಿಸುತ್ತಿದ್ದರು. ಅವರು ಬರೆಯುತ್ತಿದ್ದ ಪತ್ರೊಡೆ, ಬಿದಿರಿನ ಕಣಿಲೆಯ ಸಾರು ಮಾಡುವ ಕ್ರಮ ಎಲ್ಲ ಅಲ್ಲಿಗೆ ನಿಂತಿತು. ಒಂದು ಕೊಂಬು, ಒಂದು ಇಳಿ ಸರಿಮಾಡಲು ಹೋಗಿ ಅಡುಗೆಯನ್ನೇ ಕಳೆದುಕೊಂಡ ಹಾಗಾಯಿತು.

ವಾದದಲ್ಲಿ ಸೋಲುವಾಗ ಕಾಗುಣಿತ ಹಿಡಿಯುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಸ್ತೆ ಯಾಕೆ ಆಗಿಲ್ಲ ಅಂತ ಕೇಳಿದರೆ, 'ಮೊದಲು ಕನ್ನಡ ಕಲಿತು ಬಾ' ಅನ್ನುತ್ತಾರೆ. ಅದು ಮೊಸರಿನಲ್ಲಿ ಕಲ್ಲು ಹುಡುಕುವುದೂ ಅಲ್ಲ, ಬರೀ ತಪ್ಪಿಸಿಕೊಳ್ಳುವ ದಾರಿ.

ಹಾಗಾದರೆ ನಿಜವಾಗಿ ಕಾಳಜಿ ಇರುವವರು ಏನು ಮಾಡಬೇಕು? ಒಳ್ಳೆಯ ಮೇಷ್ಟ್ರುಗಳು ತರಗತಿಯಲ್ಲಿ ಮಾಡುವುದನ್ನೇ ಮಾಡಬಹುದು. ನಿಮ್ಮ ಉತ್ತರದಲ್ಲಿ ಆ ಪದವನ್ನು ಸರಿಯಾಗಿ ಬಳಸಿ, ಸಾಕು. 'ಹೌದಾ ಮಗ, ದಯವಿಟ್ಟು ಯಾವ ರಸ್ತೆ ಅಂತ ಹೇಳು.' ನೋಡಿದವನು ನೋಡಿಕೊಳ್ಳುತ್ತಾನೆ. ಅಷ್ಟಕ್ಕೆ ಸಮಾಧಾನ ಆಗದಿದ್ದರೆ ಅವನೊಬ್ಬನಿಗೇ ಬೇರೆಯಾಗಿ ಒಂದು ಸಾಲು ಕಳಿಸಿ. 2023ರಿಂದ ವಾಟ್ಸಾಪಿನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದ ಒಳಗೆ ತಿದ್ದಲು ಬರುತ್ತದೆ. ಸಂದೇಶವನ್ನು ಒತ್ತಿ ಹಿಡಿದರೆ ಎಡಿಟ್ ಮಾಡುವ ಆಯ್ಕೆ ಸಿಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಅದನ್ನೂ ಹೇಳಿಕೊಡಿ. ಅವನೇ ಸರಿಮಾಡಿಕೊಂಡರೆ ಗುಂಪಿನಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ, ನೀವು ತಿದ್ದಿದ್ದೂ ಕಾಣುವುದಿಲ್ಲ. ಎರಡನೆಯದನ್ನು ಸಹಿಸುವುದು ಕೆಲವರಿಗೆ ಕಷ್ಟ ಅನ್ನುವುದು ಬೇರೆ ಮಾತು.

15 ನಿಮಿಷ ಕಳೆದುಹೋಗಿದ್ದರೆ ಬಿಟ್ಟುಬಿಡಿ. ಅಷ್ಟರಲ್ಲಿ ಇನ್ನೊಬ್ಬರ್ಯಾರೋ ಮಳೆ ಎಷ್ಟು ಇಂಚು ಬಂತು ಅಂತ ಕೇಳಿರುತ್ತಾರೆ, ಅದಕ್ಕೆ ಉತ್ತರ ಕೊಡಿ.

ನಮಸ್ಕಾರ.