ಡ್ರಮ್ ಒಲೆಯಲ್ಲಿ ಮೇಪಲ್ ಪಾಕ

ನಮಸ್ಕಾರ. ನಾನು ಮಂಡ್ಯ ಕಡೆಯವನು, ಈಗ ಇರುವುದು ಅಮೆರಿಕದ ವರ್ಮಾಂಟ್‌ನಲ್ಲಿ. ಇಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಶುರುವಿನವರೆಗೆ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮೇಪಲ್ ಮರಕ್ಕೆ ಸಣ್ಣ ತೂತು ಕೊರೆದು ನಳಿಗೆ ಸಿಕ್ಕಿಸಿದರೆ ರಸ ತೊಟ್ಟಿಕ್ಕುತ್ತದೆ. ನೋಡಿದರೆ ಥೇಟ್ ನೀರು. ಕುಡಿದರೂ ನೀರೇ, ಕೊನೆಗೆ ಎಲ್ಲೋ ಒಂಚೂರು ಸಿಹಿ. ನಮ್ಮ ಆಲೆಮನೆಯ ಕಬ್ಬಿನ ಹಾಲಿನಲ್ಲಿ ಸಕ್ಕರೆ ಶೇ. 15ಕ್ಕೂ ಜಾಸ್ತಿ ಇರುತ್ತದೆ, ಇದರಲ್ಲಿ ಸುಮಾರು 2. ಈ ರಸ ಕುದಿಸಿ ಗಟ್ಟಿ ಮಾಡಿದ ಸಿಹಿ ಪಾಕವೇ ಮೇಪಲ್ ಸಿರಪ್. 1 ಲೀಟರ್ ಸಿರಪ್ಪಿಗೆ 40 ಲೀಟರ್ ರಸ ಬೇಕು. ಮಿಕ್ಕಿದ್ದೆಲ್ಲ ಆವಿಯಾಗಿ ಹೋಗಬೇಕು.

ಮೊದಲ ವರ್ಷ ಅಡುಗೆಮನೆಯ ಗ್ಯಾಸ್ ಮೇಲೆ ಕುದಿಸಿದೆ. ಗೋಡೆಗೆ ಅಂಟಿಸಿದ ಕಾಗದ ಕಿತ್ತು ಬಂತು, ಸೂರಿನಿಂದ ನೀರು ತೊಟ್ಟಿಕ್ಕಿತು. ಮನೆಯಾಕೆ ಏನಂದಳು ಎಂದು ರೇಡಿಯೋದಲ್ಲಿ ಹೇಳುವ ಹಾಗಿಲ್ಲ.

ಮರುವರ್ಷ ಹಿತ್ತಲಲ್ಲಿ ಸೌದೆ ಒಲೆ. ಅಡುಗೆ ಎಣ್ಣೆ ತುಂಬಿದ್ದ 200 ಲೀಟರಿನ ಕಬ್ಬಿಣದ ಡ್ರಮ್ ಸಿಕ್ಕಿತು. ಏನು ತುಂಬಿತ್ತೋ ಗೊತ್ತಿಲ್ಲದ ಡ್ರಮ್ ಮಾತ್ರ ಮುಟ್ಟಬೇಡಿ. ಬಯಲಲ್ಲಿ ಜೋರಾಗಿ ಬೆಂಕಿ ಹಾಕಿ ಅದರ ಬಣ್ಣ ಸುಟ್ಟೆ. ಅಡ್ಡ ಮಲಗಿಸಿ, ಮೇಲುಭಾಗ ಕತ್ತರಿಸಿ, ಮದುವೆ ಮನೆ ಬಫೆಯಲ್ಲಿ ಪಲ್ಯ ಇಡುತ್ತಾರಲ್ಲ, ಅಂಥ ಎರಡು ಸ್ಟೀಲ್ ಟ್ರೇ ಕೂರಿಸಿದೆ. ಮುಂದೆ ಬಾಗಿಲು, ಹಿಂದೆ ಹೊಗೆ ಕೊಳವೆ. ಆಳದ ಪಾತ್ರೆ ಬೇಡವೇ ಬೇಡ. ಇಲ್ಲಿ ಕೆಲಸ ಬೇಯಿಸುವುದಲ್ಲ, ನೀರು ಹಾರಿಸುವುದು. ಅದಕ್ಕೆ ಅಗಲ ಬೇಕು.

ಬೆಂಕಿ ಹಾಕಿದೆ. ಹೊಗೆ ಕೊಳವೆ ಕೆಂಪಗೆ ಕಾದಿದೆ, ಟ್ರೇನಲ್ಲಿ ಮಾತ್ರ ಸುಮ್ನೆ ನಾಲ್ಕು ಗುಳ್ಳೆ! ಗಂಟೆಗೆ 3 ಲೀಟರೂ ಇಳಿಯಲಿಲ್ಲ. ಪಕ್ಕದ ಮನೆಯ ಅಜ್ಜ ಬಂದು ಬಗ್ಗಿ ನೋಡಿ, "ನೀನು ಆಕಾಶ ಕಾಯಿಸ್ತಾ ಇದ್ದೀಯ" ಅಂದ. ಉರಿ ಡ್ರಮ್ಮಿನ ತಳದಲ್ಲೇ ಓಡಿ ಕೊಳವೆಗೆ ನುಗ್ಗುತ್ತಿತ್ತು, ಟ್ರೇಯನ್ನು ಮುಟ್ಟುತ್ತಲೇ ಇರಲಿಲ್ಲ. ಸೌದೆ ಇಡುವ ಜಾಲರಿಯ ಹಿಂದೆ ಮರಳು, ಒಡೆದ ಇಟ್ಟಿಗೆ ತುಂಬಿ ಇಳಿಜಾರು ಕಟ್ಟಿಸಿದ. ಹಿಂದಕ್ಕೆ ಹೋದ ಹಾಗೆ ಏರುತ್ತಾ ಹೋಗಿ, ಟ್ರೇ ತಳಕ್ಕೂ ಅದಕ್ಕೂ ಎರಡು ಮೂರು ಇಂಚು ಮಾತ್ರ ಸಂದು. ಈಗ ಉರಿಗೆ ಬೇರೆ ದಾರಿಯೇ ಇಲ್ಲ, ಟ್ರೇ ನೆಕ್ಕಿಕೊಂಡೇ ಹೋಗಬೇಕು. ಜಾಲರಿ ಕೆಳಗಿನಿಂದ ಗಾಳಿ ಬಿಟ್ಟೆ. ದಪ್ಪ ಕೊರಡು ಬಿಟ್ಟು ಮುಂಗೈ ಗಾತ್ರದ ಒಣ ಸೀಳು ಹಾಕಿದೆ, ಹತ್ತು ನಿಮಿಷಕ್ಕೊಮ್ಮೆ. ಗಂಟೆಗೆ 8–9 ಲೀಟರ್ ಹಾರತೊಡಗಿತು.

ಇನ್ನೊಂದು ಕಿರಿಕಿರಿ ಇತ್ತು. ತಣ್ಣಗಿನ ರಸ ಸುರಿದರೆ ಕುದಿ ನಿಂತೇ ಹೋಗುತ್ತದೆ. ಅದಕ್ಕೇ ಕೊಳವೆ ಪಕ್ಕ ಒಂದು ಸ್ಟೀಲ್ ಡಬ್ಬ ಇಟ್ಟು, ತಳಕ್ಕೆ ಸಣ್ಣ ತೂತು ಮಾಡಿದೆ. ಬಿಸಿಯಾದ ರಸ ನೂಲಿನ ಹಾಗೆ ಟ್ರೇಗೆ ಇಳಿಯುತ್ತದೆ. ನೊರೆ ಉಕ್ಕಿದರೆ ಚೂರು ಬೆಣ್ಣೆ. ಆಲೆಮನೆಯಲ್ಲಿ ಹರಳೆಣ್ಣೆ ಬಿಡುವುದು ನೆನಪಾಗುತ್ತದೆ ಅಲ್ವಾ?

ಟ್ರೇನಲ್ಲಿ ಒಂದಿಂಚಿಗಿಂತ ಕೆಳಗೆ ಹೋಗಲು ಬಿಡಬಾರದು. ಒಂದು ಸಲ ಊರಿಂದ ಅಮ್ಮನ ಫೋನ್ ಬಂತು, ಮಾತು ಉದ್ದವಾಯಿತು, ವಾಪಸ್ ಬಂದಾಗ ಇಡೀ ದಿನದ ಪಾಕ ಕರಿ ಇದ್ದಿಲು. ಸೌದೆ ಒಲೆಗೆ ಗ್ಯಾಸಿನ ಹಾಗೆ ತಿರುಗಿಸುವ ಗುಂಡಿ ಇಲ್ಲ ನೋಡಿ. ಅದಕ್ಕೇ ಈಗ ಪಾಕ ಮುಕ್ಕಾಲು ಆದಾಗ ತೆಗೆದು ಒಳಗೆ ಗ್ಯಾಸ್ ಮೇಲೆ ಮುಗಿಸುತ್ತೇನೆ, ಟ್ರೇಗೆ ಹೊಸ ರಸ ಸುರಿದು ಬೆಂಕಿ ಆರುವವರೆಗೆ ಕಾಯುತ್ತೇನೆ. ಆವತ್ತು ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೋ ಅದಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ ಬಂದರೆ ಹದ. ಬಿಸಿಯಿದ್ದಾಗಲೇ ದಪ್ಪ ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಮರಳಿನಂಥ ಗಸಿ ಬಾಟಲಿ ತಳದಲ್ಲಿ ಕೂರುತ್ತದೆ.

ಈ ಸಲ 12 ತೂತಿಗೆ 11 ಲೀಟರ್ ಆಯಿತು. ಮೊನ್ನೆ ಮೊಗ್ಗು ಉಬ್ಬಿದವು. ಇನ್ನು ರಸದ ರುಚಿ ಕೆಡುತ್ತದೆ, ನಳಿಗೆ ಎಲ್ಲಾ ಕಿತ್ತಾಯಿತು. ಟ್ರೇಗಳು ವಿನೆಗರಿನಲ್ಲಿ ನೆನೆಯುತ್ತಿವೆ. ಡ್ರಮ್ಮಿನ ಪಕ್ಕೆಯಲ್ಲಿ ತುಕ್ಕು ಹಿಡಿದು ಕೈ ತೂರುವಷ್ಟು ತೂತು ಬಿದ್ದಿದೆ. ಅಜ್ಜನ ಹತ್ತಿರ ಇನ್ನೊಂದು ಡ್ರಮ್ ಇದೆಯಂತೆ, ಎರಡು ಬಾಟಲಿ ಕೇಳಿದ್ದಾನೆ.