ವಿಮಾನದ ಟಿಕೆಟ್‌ನಲ್ಲಿ ಹೆಸರು ತಪ್ಪಿದ್ದರೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆ, ಚಿತ್ರದುರ್ಗದ ಕಡೆಯವರು ವಿಮಾನ ಹತ್ತಬೇಕೆಂದರೆ ಶಿವಮೊಗ್ಗದ ಸೋಗಾನೆಗೋ ಹುಬ್ಬಳ್ಳಿಗೋ ಹೋಗಬೇಕು. ಹೆಚ್ಚಿನವರು ಹೋಗುವುದು ಬೆಂಗಳೂರಿನ ದೇವನಹಳ್ಳಿಗೆ. ರಾತ್ರಿಯೆಲ್ಲ ಪ್ರಯಾಣ ಮಾಡಿ ನಸುಕಿನಲ್ಲಿ ದ್ವಾರದ ಮುಂದೆ ನಿಂತಾಗ ಟಿಕೆಟ್‌ನಲ್ಲಿ ಹೆಸರು ತಪ್ಪಾಗಿರುವುದು ಗೊತ್ತಾದರೆ, ಮಾಡಲು ಉಳಿದಿರುವ ದಾರಿ ಕಡಿಮೆ, ಖರ್ಚು ಜಾಸ್ತಿ. ಅದೇ ತಪ್ಪು ಟಿಕೆಟ್ ಮಾಡಿಸಿದ ದಿನವೇ ಕಣ್ಣಿಗೆ ಬಿದ್ದರೆ, ಬಹಳ ಸಲ ಪುಕ್ಕಟೆಯಾಗಿ ಸರಿಹೋಗುತ್ತದೆ.

ತಪ್ಪು ಹುಟ್ಟುವುದು ಎಲ್ಲಿ? ನಮ್ಮ ಕಡೆ ಮನೆಮನೆಗೂ ಪರಿಚಿತವಾದ ತಿಪ್ಪೇಸ್ವಾಮಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ಒಂದೇ. ಇಂಗ್ಲಿಷಿನಲ್ಲಿ ಬರೆಯುವಾಗ ಕೆಲವರು ಟಿ ಆದ ಮೇಲೆ ಎಚ್ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕೊನೆಯಲ್ಲಿ ಒಬ್ಬರು ವೈ ಬರೆದರೆ ಇನ್ನೊಬ್ಬರು ಐ ಬರೆಯುತ್ತಾರೆ. ಮಂಜುನಾಥ, ಬಸವರಾಜ ಎಂಬ ಹೆಸರುಗಳ ತುದಿಯಲ್ಲಿ ಎ ಅಕ್ಷರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಫೋನಿನಲ್ಲಿ ಹೆಸರು ಹೇಳಿ ಟಿಕೆಟ್ ಮಾಡಿಸಿದರೆ ಕೇಳಿಸಿಕೊಂಡವರು ತಮಗೆ ರೂಢಿಯಿದ್ದಂತೆ ಬರೆಯುತ್ತಾರೆ. ಆದ್ದರಿಂದ ಏಜೆಂಟರಿಗಾಗಲಿ, ಬೆಂಗಳೂರಿನಲ್ಲಿರುವ ಮಗನಿಗಾಗಲಿ ಬಾಯಲ್ಲಿ ಹೆಸರು ಹೇಳಬೇಡಿ. ನಿಲ್ದಾಣದಲ್ಲಿ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರದ್ದೇ ಫೋಟೊ ಕಳಿಸಿ. ಆಧಾರ್‌ನಲ್ಲಿ ಒಂದು ಥರ, ಪ್ಯಾನ್ ಕಾರ್ಡ್‌ನಲ್ಲಿ ಇನ್ನೊಂದು ಥರ ಇದ್ದರೆ, ಟಿಕೆಟ್‌ಗೆ ಹೊಂದುವ ಚೀಟಿಯನ್ನೇ ಜೊತೆಗೆ ಒಯ್ಯಿರಿ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿಕೊಂಡು, ಪಾಸ್‌ಪೋರ್ಟನ್ನು ಹಳೆಯ ಹೆಸರಿನಲ್ಲೇ ಉಳಿಸಿಕೊಂಡಿರುವ ಹೆಣ್ಣುಮಕ್ಕಳು ಇದನ್ನು ಎರಡು ಸಲ ನೋಡಿಕೊಳ್ಳಬೇಕು.

ಕೆಲವು ವಿಷಯಗಳು ತಪ್ಪಿನಂತೆ ಕಾಣುತ್ತವೆ, ತಪ್ಪಲ್ಲ. ವಿಮಾನ ಕಂಪನಿಗಳ ವ್ಯವಸ್ಥೆಯಲ್ಲಿ ಮೊದಲು ಸರ್‌ನೇಮ್, ಓರೆಗೆರೆ, ಆಮೇಲೆ ಹೆಸರು ಬರುತ್ತದೆ. ಎರಡು ಪದಗಳ ನಡುವಿನ ಜಾಗ ಮಾಯವಾಗಿ ಹೆಸರು ಒಂದಕ್ಕೊಂದು ಅಂಟಿಕೊಳ್ಳಬಹುದು, ಅದರ ಬಾಲಕ್ಕೆ ಮಿಸ್ಟರ್ ಎನ್ನುವುದರ ಎಂ ಆರ್ ಕೂಡ ಸೇರಿಕೊಳ್ಳಬಹುದು. ವಿಮಾನ ಹತ್ತಲು ಕೊಡುವ ಚೀಟಿ, ಅಂದರೆ ಬೋರ್ಡಿಂಗ್ ಪಾಸಿನ ಬಾರ್‌ಕೋಡ್‌ನಲ್ಲಿ ಹೆಸರಿಗೆ ಇರುವುದೇ 20 ಅಕ್ಷರಗಳ ಜಾಗ, ಉದ್ದದ ಹೆಸರು ಅಲ್ಲಿ ತುಂಡಾಗುವುದು ಸಹಜ. ಟಿಕೆಟ್‌ನಲ್ಲಿ ಪೂರ್ತಿ ಹೆಸರು ಸರಿಯಿದ್ದರೆ ಇದಕ್ಕಾಗಿ ಗಾಬರಿ ಬೇಡ. ಆದರೆ ಗಂಡಸಿಗೆ ಮಿಸೆಸ್ ಎಂದೋ ಹೆಂಗಸಿಗೆ ಮಿಸ್ಟರ್ ಎಂದೋ ಬಿದ್ದಿದ್ದರೆ ಸರಿಪಡಿಸಿಕೊಳ್ಳಿ.

ಈಗ ನಿಜವಾದ ತಪ್ಪಿನ ಮಾತು. ವಿಮಾನ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಕೊಂಡ ಟಿಕೆಟ್ ಆಗಿದ್ದು, ಕೊಂಡ 24 ಗಂಟೆಯೊಳಗೆ ತಪ್ಪನ್ನು ತಿಳಿಸಿದರೆ, ಅದೇ ವ್ಯಕ್ತಿಯ ಹೆಸರನ್ನು ತಿದ್ದಲು ಹೆಚ್ಚುವರಿ ಹಣ ಕೇಳುವಂತಿಲ್ಲ. ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ. ಅದೇ ವ್ಯಕ್ತಿ ಎಂಬ ಮಾತು ಮುಖ್ಯ. ಅಣ್ಣನ ಟಿಕೆಟ್‌ನಲ್ಲಿ ತಮ್ಮ ಹೋಗಲಾಗದು, ಅದಕ್ಕೆ ರದ್ದು ಮಾಡಿ ಹೊಸದು ಕೊಳ್ಳುವುದೊಂದೇ ದಾರಿ. 24 ಗಂಟೆ ದಾಟಿದ ಮೇಲೆ ಆಯಾ ಕಂಪನಿಯ ನಿಯಮ ನಡೆಯುತ್ತದೆ. ಎರಡು ಮೂರು ಅಕ್ಷರದ ವ್ಯತ್ಯಾಸವನ್ನು ಸಾಮಾನ್ಯವಾಗಿ ಸುಲಭವಾಗಿ ತಿದ್ದಿಕೊಡುತ್ತಾರೆ, ಇಡೀ ಸರ್‌ನೇಮ್ ಬದಲಾದರೆ ದಾಖಲೆ ಕೇಳುತ್ತಾರೆ.

ಟಿಕೆಟ್‌ನಲ್ಲಿರುವ ಆರು ಅಕ್ಷರ-ಅಂಕಿಗಳ ಬುಕಿಂಗ್ ಸಂಖ್ಯೆಯಾದ ಪಿಎನ್‌ಆರ್, ಗುರುತಿನ ಚೀಟಿಯ ಪ್ರತಿ, ಇರಬೇಕಾದ ಹೆಸರಿನ ಸ್ಪೆಲ್ಲಿಂಗ್, ಈ ಮೂರನ್ನೂ ಕೈಯಲ್ಲಿಟ್ಟುಕೊಂಡು ಕಂಪನಿಗೆ ಕರೆ ಮಾಡಿ. ಅದೇ ವಿಷಯವನ್ನು ಇಮೇಲ್‌ನಲ್ಲೂ ಬರೆಯಿರಿ. ಮುಂದೆ ತಕರಾರು ಬಂದರೆ, ಎಷ್ಟು ಗಂಟೆಗೆ ತಿಳಿಸಿದಿರಿ ಎಂಬುದಕ್ಕೆ ಅದೇ ಸಾಕ್ಷಿ. ಏಜೆಂಟರ ಬಳಿಯೋ ಬೇರೆ ಆ್ಯಪ್‌ನಲ್ಲೋ ಟಿಕೆಟ್ ಮಾಡಿಸಿದ್ದರೆ ಮೊದಲು ಅಲ್ಲಿಗೇ ಹೋಗಿ. ಅಂಥ ಟಿಕೆಟನ್ನು ಮಾಡಿದವರೇ ತಿದ್ದಿಸಲಿ ಎಂದು ಕಂಪನಿಯವರು ವಾಪಸ್ ಕಳಿಸುವುದು ಸಾಮಾನ್ಯ. ತಮ್ಮದೇ ಕೈತಪ್ಪಿಗೆ ಏಜೆಂಟರು ನಿಮ್ಮಿಂದ ದುಡ್ಡು ಕೇಳಿದರೆ, ನೀವು ಕಳಿಸಿದ ಗುರುತಿನ ಚೀಟಿಯ ಫೋಟೊ ತೋರಿಸಿ ಗಟ್ಟಿಯಾಗಿ ಮಾತಾಡಿ.

ಹೆಸರು ತಿದ್ದುವ ತನಕ ವೆಬ್ ಚೆಕ್-ಇನ್, ಅಂದರೆ ಆನ್‌ಲೈನಿನಲ್ಲೇ ಸೀಟು ಆರಿಸಿ ಬೋರ್ಡಿಂಗ್ ಪಾಸ್ ಪಡೆಯುವ ಕೆಲಸ, ಮಾಡಬೇಡಿ. ಒಮ್ಮೆ ಚೆಕ್-ಇನ್ ಆಯಿತೆಂದರೆ, ಅದನ್ನು ರದ್ದು ಮಾಡದೆ ಟಿಕೆಟ್ ತಿದ್ದಲು ಬರುವುದಿಲ್ಲ. ಕೆಲವರು ಸೀಟಿನ ಆಸೆಗೆ ಅವಸರಪಟ್ಟು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಲ್ದಾಣದಲ್ಲೇ ತಪ್ಪು ಗೊತ್ತಾದರೆ, ದ್ವಾರದ ಭದ್ರತಾ ಸಿಬ್ಬಂದಿ ಜೊತೆ ವಾದ ಬೇಡ. ಟಿಕೆಟ್ ತಿದ್ದುವ ಅಧಿಕಾರ ಅವರಿಗಿಲ್ಲ. ಹೊರಗಡೆ ಇರುವ ಕಂಪನಿಯ ಟಿಕೆಟ್ ಕೌಂಟರಿಗೆ ನೇರವಾಗಿ ಹೋಗಿ. ಅದಕ್ಕೆ ಸಮಯ ಬೇಕು, ಹಾಗಾಗಿ ಅನುಮಾನವಿದ್ದವರು ಹೊರಡುವ ಹೊತ್ತಿಗೆ ಮೂರು ಗಂಟೆ ಮುಂಚೆಯೇ ಅಲ್ಲಿರಬೇಕು.

ವಿದೇಶಕ್ಕೆ ಹೋಗುವವರಿಗೆ ಪಾಸ್‌ಪೋರ್ಟ್ ಒಂದೇ ಪ್ರಮಾಣ. ನಮ್ಮಲ್ಲಿ ತಂದೆಯ ಹೆಸರಿನ, ಊರಿನ ಹೆಸರಿನ ಇನಿಷಿಯಲ್ ಇಟ್ಟುಕೊಳ್ಳುವ ರೂಢಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ತೊಂದರೆ ಶುರುವಾಗುವುದು ಟಿಕೆಟ್ ಕೊಳ್ಳುವಾಗ, ಅಲ್ಲಿ ಆ ಜಾಗ ಖಾಲಿ ಬಿಡಲು ಬರುವುದಿಲ್ಲ. ಇದ್ದ ಹೆಸರನ್ನೇ ಎರಡೂ ಕಡೆ ಬರೆಯಿರಿ ಎನ್ನುವ ಕಂಪನಿಗಳಿವೆ, ಬೇರೆ ಪದ್ಧತಿಯವೂ ಇವೆ. ಊಹೆ ಮಾಡಿ ತುಂಬಬೇಡಿ, ಆ ಕಂಪನಿಯನ್ನೇ ಕೇಳಿ. ಸಂಯುಕ್ತ ಅರಬ್ ಸಂಸ್ಥಾನವಂತೂ 2022ರ ನವೆಂಬರ್‌ನಿಂದ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳ ಮೇಲೆ ನಿರ್ಬಂಧ ಹೇರಿದೆ. ದುಬೈಗೆ ಹೋಗುವವರು ಟಿಕೆಟ್‌ಗಿಂತ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ತಿದ್ದುಪಡಿಯಾಯಿತು ಎಂದು ಫೋನಿನಲ್ಲಿ ಹೇಳಿದರೆ ಸಾಲದು, ಹೊಸ ಟಿಕೆಟನ್ನು ಇಮೇಲ್‌ಗೆ ತರಿಸಿಕೊಂಡು ಓದಿ. ನಡುವೆ ಬೇರೆ ಕಂಪನಿಯ ವಿಮಾನ ಹತ್ತಬೇಕಿದ್ದರೆ, ಅಲ್ಲಿಯ ಪಿಎನ್‌ಆರ್ ಕೇಳಿ ಪಡೆದು, ಅದರಲ್ಲೂ ಹೆಸರು ಬದಲಾಗಿದೆಯೇ ನೋಡಿ. ವಾಪಸ್ ಬರುವ ಟಿಕೆಟನ್ನೂ ಆಗಲೇ ನೋಡಿ, ಒಂದು ದಿಕ್ಕಿನ ಪ್ರಯಾಣ ಮುಗಿದ ಮೇಲೆ ಉಳಿದದ್ದನ್ನು ತಿದ್ದಿಸುವುದು ಕಷ್ಟ. ಮೊದಲೇ ಆರಿಸಿದ್ದ ಸೀಟು, ದುಡ್ಡು ಕೊಟ್ಟಿದ್ದ ಲಗೇಜು ಹೊಸ ಟಿಕೆಟ್‌ನಲ್ಲಿ ಬಿಟ್ಟುಹೋಗಿದ್ದರೆ ಅದೇ ಕರೆಯಲ್ಲಿ ಹಾಕಿಸಿಕೊಳ್ಳಿ. 24 ಗಂಟೆಯೊಳಗೆ ತಿಳಿಸಿದ್ದರೂ ಶುಲ್ಕ ಹಿಡಿದರೆ, ನೀವು ಕಳಿಸಿದ ಇಮೇಲ್ ಸಮೇತ ಕೇಂದ್ರ ಸರ್ಕಾರದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಬಹುದು.