ಕಾಡಿಗೆ ಹೊರಟ ವೇಷ

ಕೇಳುಗರಿಗೆ ನಮಸ್ಕಾರ.

ಅನಿಮೆ ಎಂಬ ಜಪಾನಿ ಅನಿಮೇಷನ್, ಗೇಮ್, ಚಿತ್ರಕಥೆಗಳ ಪಾತ್ರದ ವೇಷ ತೊಟ್ಟು ಆ ಪಾತ್ರವೇ ಆಗಿ ನಿಲ್ಲುವ ಹವ್ಯಾಸಕ್ಕೆ ಕಾಸ್‌ಪ್ಲೇ ಎಂದು ಹೆಸರು. ಕಾಸ್ಟ್ಯೂಮ್, ಪ್ಲೇ ಎಂಬ ಎರಡು ಪದಗಳನ್ನು ಮೊಟಕುಗೊಳಿಸಿ ಜಪಾನಿನಲ್ಲಿ ಕೂಡಿಸಿದ ಮಾತು ಅದು. ಸಭಾಂಗಣದ ತಂಪಿನಲ್ಲಿ ಮಿಂಚಿದ ವೇಷವನ್ನು ಫೋಟೋಗೆಂದು ಕಾಡಿಗೋ ಹೊಳೆದಂಡೆಗೋ ಒಯ್ದು ನೋಡಿ. ಅರ್ಧ ಗಂಟೆಯಲ್ಲಿ ಅದರ ಹುಳುಕೆಲ್ಲ ಹೊರಬೀಳುತ್ತದೆ. ಅಂಟು ಬಿಡುತ್ತದೆ, ವಿಗ್ ಸಿಕ್ಕಾಗುತ್ತದೆ, ಬೂಟು ಜಾರುತ್ತದೆ.

ಮೊದಲು ಜಾಗದ ಮಾತು. ಜಾಗ ಹುಡುಕುವವರು ನೋಟಕ್ಕೆ ಮರುಳಾಗಿ ಬರುತ್ತಾರೆ, ನೋಡಬೇಕಾದ್ದು ಬೆಳಕನ್ನು. ಫೋಟೋ ತೆಗೆಯಲಿರುವ ಹೊತ್ತಿಗೇ ಮುಂಚೆ ಒಂದು ದಿನ ಹೋಗಿ, ಜೊತೆಗಾರರ ಮುಖವನ್ನು ಮೊಬೈಲಿನಲ್ಲಿ ತೆಗೆದು ನೋಡಿ. ದಟ್ಟ ಮರಗಳ ಕೆಳಗೆ ಎರಡು ತೊಂದರೆ. ಎಲೆಗಳ ಸಂದಿನಿಂದ ಬಿದ್ದ ಬಿಸಿಲು ಕೆನ್ನೆಯ ಮೇಲೆ ನಾಣ್ಯದಗಲದ ಬಿಳಿ ಮಚ್ಚೆಗಳಾಗಿ ಕೂರುತ್ತದೆ. ಅಲ್ಲಿ ಚರ್ಮದ ವಿವರವೇ ಉಳಿಯುವುದಿಲ್ಲ, ಕಂಪ್ಯೂಟರಿನಲ್ಲಿ ತಿದ್ದಲು ಏನೂ ಸಿಗುವುದಿಲ್ಲ. ಇನ್ನೊಂದು, ಎಲೆಗಳಿಂದ ಪುಟಿದು ಬರುವ ಹಸಿರು ಛಾಯೆ. ಗಲ್ಲದ ಕೆಳಗೆ, ಬಿಳಿ ಬಟ್ಟೆಯ ನೆರಿಗೆಗಳಲ್ಲಿ ಅದು ಎದ್ದು ಕಾಣುತ್ತದೆ. ಎರಡಕ್ಕೂ ಮದ್ದು ಕಾಡಿನ ಅಂಚಿನಲ್ಲಿದೆ. ತಲೆಯ ಮೇಲೆ ನೆರಳು, ಮುಖದ ಎದುರಿಗೆ ತೆರೆದ ಆಕಾಶ, ಬೆನ್ನ ಹಿಂದೆ ಮರಗಳು. ಸುಮಾರು 110 ಸೆಂಟಿಮೀಟರ್ ಅಗಲದ ರಿಫ್ಲೆಕ್ಟರ್, ಅಂದರೆ ಬೆಳಕನ್ನು ಮುಖಕ್ಕೆ ಮರಳಿಸುವ ಫಲಕ, ಒಂದಿದ್ದರೆ ಕಣ್ಣಿನ ಕೆಳಗಿನ ಕಪ್ಪೂ ತಿಳಿಯಾಗುತ್ತದೆ. ಅದರ ಬಿಳಿ ಮೈಯನ್ನೇ ಬಳಸಿ. ಬೆಳ್ಳಿ ಮೈ ಕಣ್ಣು ಕುಕ್ಕಿ ಪಾತ್ರಧಾರಿ ಕಣ್ಣು ಕಿರಿದು ಮಾಡುವಂತಾಗುತ್ತದೆ. ಹಸಿರು ವೇಷವಾದರೆ ಹಸಿರು ಕಾಡು ಬೇಡವೇ ಬೇಡ. ಒಣಹುಲ್ಲು, ಬಂಡೆ, ಮರಳಿನ ಮುಂದೆ ನಿಲ್ಲಿಸಿ.

ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ ಒಳ್ಳೆಯ ಬೆಳಕಿನ ಹೊತ್ತು. ನಡುಹಗಲೇ ಗತಿಯಾದರೆ ಫ್ಲ್ಯಾಶ್ ಬೇಕು, ಲೆಕ್ಕವೂ ಬೇಕು. ಚುರುಕು ಬಿಸಿಲಿನಲ್ಲಿ, ಕ್ಯಾಮೆರಾದ ಬೆಳಕಿನ ಸಂವೇದನೆ ಐಎಸ್ಒ 100ರಲ್ಲಿದ್ದು, ಹಿನ್ನೆಲೆ ಮಸುಕಾಗಲೆಂದು ಲೆನ್ಸಿನ ಕಿಂಡಿಯನ್ನು ಎಫ್ 2.8ಕ್ಕೆ ತೆರೆದರೆ ಶಟರ್ ವೇಗ ಸೆಕೆಂಡಿನ 3200ನೇ ಒಂದು ಭಾಗದ ಹತ್ತಿರ ಹೋಗುತ್ತದೆ. ಸಾಮಾನ್ಯ ಫ್ಲ್ಯಾಶ್ ಹೊಂದಿಕೊಳ್ಳುವುದು 200ನೇ ಒಂದು ಭಾಗದ ಆಸುಪಾಸಿನವರೆಗೆ. ಬೆಳಕು ಇಮ್ಮಡಿಯಾಗುವ ಒಂದೊಂದು ಹಂತಕ್ಕೂ ಸ್ಟಾಪ್ ಎನ್ನುತ್ತಾರೆ. ಈ ನಾಲ್ಕು ಸ್ಟಾಪ್ ಅಂತರವನ್ನು, ಬೆಳಕನ್ನು ಹದಿನಾರನೇ ಒಂದು ಭಾಗಕ್ಕಿಳಿಸುವ ಎನ್‌ಡಿ 16 ಫಿಲ್ಟರ್ ತುಂಬುತ್ತದೆ. ವೇಗದ ಶಟರಿಗೂ ಫ್ಲ್ಯಾಶನ್ನು ಹೊಂದಿಸುವ ಹೈ ಸ್ಪೀಡ್ ಸಿಂಕ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದರಲ್ಲಿ ಫ್ಲ್ಯಾಶಿನ ಬಲ ಕುಗ್ಗುತ್ತದೆ.

ಇನ್ನು ವೇಷ. ಕವಚಗಳು ಹೆಚ್ಚಾಗಿ ಇವಿಎ ಫೋಮ್ ಎಂಬ ಹಗುರ, ಮೆತ್ತನೆಯ ಹಾಳೆಯವು. ಅವುಗಳ ಜೋಡಣೆಗೆ ಅಂಟುಕಡ್ಡಿ ಕರಗಿಸಿ ಸುರಿಸುವ ಗ್ಲೂ ಗನ್ ಬಳಸಿದ್ದರೆ ಬಿಸಿಲಿಗೆ ಆ ಅಂಟು ಮೆತ್ತಗಾಗಿ ಭುಜದ ಪಟ್ಟಿ ನಿಧಾನವಾಗಿ ಬಾಯಿ ಬಿಡುತ್ತದೆ. ಕಾಂಟ್ಯಾಕ್ಟ್ ಅಂಟನ್ನು ಎರಡೂ ಅಂಚಿಗೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿದರೆ ಈ ಕಾಟವಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ಪಿಎಲ್‌ಎ ಪ್ಲಾಸ್ಟಿಕ್‌ನಿಂದ ಮಾಡಿದ ಕತ್ತಿ, ಕಿರೀಟಗಳನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಲೇಬೇಡಿ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಆ ಪ್ಲಾಸ್ಟಿಕ್ ಮೆದುವಾಗುತ್ತದೆ. ನೆಟ್ಟಗೆ ಒಳಗಿಟ್ಟ ಕತ್ತಿ ಬಿಲ್ಲಾಗಿ ಹೊರಬರುತ್ತದೆ. ತುರ್ತು ರಿಪೇರಿಗೆ ಸೂಜಿದಾರ, ಸೇಫ್ಟಿ ಪಿನ್ನು, ಎರಡು ಬದಿಯ ಟೇಪು, ಸೂಪರ್ ಗ್ಲೂ ಸಾಕು. ಸೂಪರ್ ಗ್ಲೂವನ್ನು ಮಾತ್ರ ಹತ್ತಿಬಟ್ಟೆಯ ಮೇಲೆ ಸುರಿಯಬೇಡಿ. ಹತ್ತಿಗೆ ತಾಗಿದರೆ ಅದು ಚರ್ಮ ಸುಡುವಷ್ಟು ಕಾಯಬಹುದು.

ವಿಗ್ಗಿನದು ದೊಡ್ಡ ರಗಳೆ. ಉದ್ದ ಕೂದಲಿನದಾದರೆ ಗಂಟು ಶುರುವಾಗುವುದು ಹೆಗಲಿನ ಕಡೆಯಿಂದ, ಕುತ್ತಿಗೆಯ ಹಿಂದೆ, ಕಾಲರ್ ಉಜ್ಜುವ ಜಾಗದಲ್ಲಿ. ಅವಸರಕ್ಕೆ ಬುಡದಿಂದ ಬಾಚಿದಿರೋ, ಗಂಟುಗಳೆಲ್ಲ ಕೆಳಗೆ ಒಂದೇ ಉಂಡೆಯಾಗುತ್ತವೆ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಬೆರಳಗಲ ಬೆರಳಗಲವಾಗಿ ಮೇಲೇರಿ. ನಡೆಯುವಾಗ ಸಡಿಲವಾಗಿ ಹೆಣೆದು, ಕ್ಯಾಮೆರಾ ಮುಂದೆ ಬಿಚ್ಚುವುದು ಜಾಣತನ. ಬಿಸಿಲಿಗೆ ಪ್ಲಾಸ್ಟಿಕ್ಕಿನಂತೆ ಹೊಳೆಯುವ ವಿಗ್ಗಿಗೆ ಚಿಟಿಕೆ ಬೇಬಿ ಪೌಡರ್ ಉದುರಿಸಿ ಕೊಡವಿದರೆ ಹೊಳಪು ಅಡಗುತ್ತದೆ.

ಮೇಲುಹೊದಿಕೆ ಹಾರುವ ಚಿತ್ರಕ್ಕೆ ಗಾಳಿಯನ್ನು ನಂಬಿ ಕೂರಬೇಡಿ. ಸಹಾಯಕರು ಬಟ್ಟೆಯ ಎರಡು ತುದಿ ಹಿಡಿದು ಮೂರು ಎಣಿಸಿ, ಮೇಲಕ್ಕೂ ಹೊರಕ್ಕೂ ಎಸೆದು, ಚೌಕಟ್ಟಿನಿಂದ ಹೊರಗೆ ಓಡಬೇಕು. ಶಟರ್ 500ನೇ ಒಂದು ಭಾಗಕ್ಕಿಂತ ನಿಧಾನವಾಗಬಾರದು, ಕ್ಯಾಮೆರಾ ಒಂದೇ ಒತ್ತಿಗೆ ಸಾಲಾಗಿ ಚಿತ್ರ ತೆಗೆಯುವ ಬರ್ಸ್ಟಿನಲ್ಲಿರಬೇಕು. ಹತ್ತು ಸಲ ಎಸೆದರೆ ಒಂದೆರಡು ಒಲಿಯುತ್ತವೆ.

ನೀರಿಗಿಳಿಯುವುದಾದರೆ ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ; ಹೊಳೆ, ಕೆರೆಯ ನೀರಿನ ಸೂಕ್ಷ್ಮಜೀವಿಗಳು ಲೆನ್ಸಿನಡಿ ಸೇರಿದರೆ ದೃಷ್ಟಿಗೇ ಅಪಾಯ. ಫೋಮ್ ತೇಲುವ ವಸ್ತು. ಮೊಣಕಾಲು ಕವಚ ತೊಟ್ಟವರ ಕಾಲನ್ನು ನೀರು ಮೇಲಕ್ಕೆತ್ತುತ್ತದೆ, ನೆನೆದ ಬಟ್ಟೆ ಕೆಳಕ್ಕೆಳೆಯುತ್ತದೆ. ಮೊಣಕಾಲು ಮಟ್ಟಕ್ಕಿಂತ ಆಳಕ್ಕೆ ಹೋಗಬೇಡಿ. ಬೂಟಿನ ಅಟ್ಟೆಯೂ ಫೋಮಿನದಾದರೆ ಪಾಚಿ ಬಂಡೆ ಹತ್ತುವ ಮುಂಚೆ ಒರಟು ರಬ್ಬರ್ ಹಾಳೆ ಅಂಟಿಸಿ. ಒದ್ದೆ ಎಲೆ, ಬಂಡೆಗಳ ಬಿಳಿ ಹೊಳಪನ್ನು ಪೋಲರೈಸರ್ ಫಿಲ್ಟರ್ ಕಳೆಯುತ್ತದೆ, ಒಂದೆರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ.

ಹೀಗಾಗಿ ಚಿತ್ರಗಳ ಸರದಿಯನ್ನು ಮನೆಯಲ್ಲೇ ಬರೆದುಕೊಳ್ಳಿ: ಮೇಕಪ್ ಕೆಡುವ ಮೊದಲು ಮುಖದ ಹತ್ತಿರದ ಚಿತ್ರ, ಆಮೇಲೆ ನಿಂತ ಭಂಗಿ, ಬಳಿಕ ಓಟ, ಜಿಗಿತ. ಮಣ್ಣಿನಲ್ಲಿ ಹೊರಳುವುದು, ನೀರಿಗಿಳಿಯುವುದು ಕಟ್ಟಕಡೆಗೆ. ಕವಚದೊಳಗೆ ಗಾಳಿಯಾಡುವುದಿಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ಶಿರಸ್ತ್ರಾಣ ತೆಗೆಸಿ, ತುಟಿಬಣ್ಣ ಕೆಡದಂತೆ ಸ್ಟ್ರಾದಲ್ಲಿ ನೀರು ಕುಡಿಸಿ.

ಅನುಮತಿ ಬೇಕಾದ ಜಾಗವಾದರೆ ಬರಹದಲ್ಲೇ ಪಡೆಯಿರಿ. ನಕಲಿ ಬಂದೂಕು, ಕತ್ತಿಗಳನ್ನು ದಾರಿಯುದ್ದಕ್ಕೂ ಚೀಲದಲ್ಲಿ ಮುಚ್ಚಿಡಿ. ದೂರದಿಂದ ನೋಡಿದವರಿಗೆ ಅದು ಫೋಮ್ ಎಂದು ತಿಳಿಯುವುದಿಲ್ಲ. ಹೊಗೆಬಾಂಬಿನ ಆಸೆ ಬಿಡಿ. ಅದರ ಡಬ್ಬಿ ಕೆಂಡದಂತೆ ಕಾಯುತ್ತದೆ, ಒಣಹುಲ್ಲಿಗೆ ಅಷ್ಟೇ ಸಾಕು.

ಮನೆಗೆ ಬಂದ ರಾತ್ರಿಯೇ ಕವಚದ ಒಳಮೈಯ ಬೆವರು ಒರೆಸಿ ನೆರಳಿನಲ್ಲಿ ಗಾಳಿಗಿಡಿ. ಒದ್ದೆ ಬೂಟಿನೊಳಗೆ ಹಳೇ ಪೇಪರ್ ತುರುಕಿ. ವಿಗ್ಗನ್ನು ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವಲಿನಲ್ಲಿ ಒತ್ತಿ, ಪೂರ್ತಿ ಒಣಗಿದ ಮೇಲೆಯೇ ಬಾಚಿ.

ನಮಸ್ಕಾರ.